ಪಾಲು ಕೇಳುವ ತಂಗಿ, ತೋಟ ಬಿಡದ ಅಣ್ಣ: ಕಾದಂಬರಿಯ ಪಾತ್ರಗಳನ್ನು ಓದುಗರು ನಂಬುವಂತೆ ಬರೆಯುವುದು ಹೇಗೆ?

ಕರಡುಪ್ರತಿ (ಚರ್ಚೆ ಆರಂಭಿಸಿದವರು)

ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಡೆಯುವ ಕಾದಂಬರಿಯನ್ನು ಬರೆಯುತ್ತಿದ್ದೇನೆ. ತಂದೆ ತೀರಿಕೊಂಡ ಮರುವರ್ಷ, ಅಂದರೆ 2009ರಲ್ಲಿ, ಮದುವೆಯಾಗಿ ಮೈಸೂರಿನಲ್ಲಿ ನೆಲೆಸಿರುವ ತಂಗಿ ಮೂರು ಎಕರೆ ಅಡಿಕೆ ತೋಟದಲ್ಲಿ ತನ್ನ ಪಾಲು ಕೇಳುತ್ತಾಳೆ. ಊರಿನಲ್ಲೇ ಉಳಿದು ತೋಟವನ್ನೂ ತಂದೆತಾಯಿಯನ್ನೂ ನೋಡಿಕೊಂಡ ಅಣ್ಣ ಕೊಡಲು ಒಪ್ಪುವುದಿಲ್ಲ. ತಾಯಿ ಬದುಕಿದ್ದಾರೆ, ಆದರೆ ಮಾತನಾಡುವುದಿಲ್ಲ.

ಮೊದಲ ಕರಡನ್ನು ಓದಿದ ಗೆಳೆಯರು, ಅಣ್ಣ ಬಾಯಿ ತೆರೆದ ಕೂಡಲೇ ಅವನು ದುಷ್ಟನೆಂದು ತಿಳಿದುಹೋಗುತ್ತದೆ, ಆಮೇಲೆ ಓದಲು ಏನೂ ಉಳಿಯುವುದಿಲ್ಲ ಎಂದರು. ಎರಡನೆಯ ಕರಡಿನಲ್ಲಿ ಅವನಿಗೆ ಒಳ್ಳೆಯ ಗುಣಗಳನ್ನು ಸೇರಿಸಿದೆ: ಕೆಲಸದಾಳಿನ ಮಗನ ಶಾಲೆಯ ಶುಲ್ಕ ಕಟ್ಟುತ್ತಾನೆ, ಕರು ಸತ್ತಾಗ ಊಟ ಬಿಡುತ್ತಾನೆ. ಈಗ ಅದೇ ಗೆಳೆಯರು, ಲೇಖಕರು ಅವನ ಪರವಾಗಿ ಶಿಫಾರಸು ಪತ್ರ ಬರೆದಂತಿದೆ ಎನ್ನುತ್ತಿದ್ದಾರೆ. ತಂಗಿಯಂತೂ ಹಕ್ಕಿನ ಭಾಷಣ ಮಾಡುವ ಧ್ವನಿಯಾಗಿಯೇ ಉಳಿದಿದ್ದಾಳೆ. ಜಗಳ ಈ ಇಬ್ಬರಿಂದಲೇ ಹುಟ್ಟಬೇಕು, ನಾನು ಹುಟ್ಟಿಸಿದಂತೆ ಕಾಣಬಾರದು. ಇದಕ್ಕೆ ಏನು ಮಾಡಬೇಕು?

ತುಂಗಾತೀರ

ಒಳ್ಳೆಯ ಗುಣ, ಕೆಟ್ಟ ಗುಣಗಳನ್ನು ತಕ್ಕಡಿಯಲ್ಲಿಟ್ಟು ಸರಿದೂಗಿಸಿದ ಮಾತ್ರಕ್ಕೆ ಪಾತ್ರಕ್ಕೆ ಜೀವ ಬರುವುದಿಲ್ಲ. ಶಾಲೆಯ ಶುಲ್ಕ ಕಟ್ಟುವ ಅಣ್ಣನಿಗೂ ತೋಟ ಕೊಡದ ಅಣ್ಣನಿಗೂ ಸಂಬಂಧವೇ ಇಲ್ಲದಿರುವುದರಿಂದ ಅವರು ಇಬ್ಬರು ಬೇರೆ ಬೇರೆ ಮನುಷ್ಯರಂತೆ ಕಾಣುತ್ತಿದ್ದಾರೆ. ತೋಟವನ್ನು ಕೊಡದಂತೆ ಅವನನ್ನು ತಡೆಯುತ್ತಿರುವುದು ಯಾವುದೋ ಅದೇ ಅವನ ಒಳ್ಳೆಯತನದ ಮೂಲವೂ ಆಗಿರಬೇಕು. ಮೊದಲು ಒಂದು ಪ್ರಶ್ನೆಗೆ ಉತ್ತರಿಸಿ: ಪಾಲು ಕೊಟ್ಟರೆ ಅವನು ಕಳೆದುಕೊಳ್ಳುವುದು ನಿಜವಾಗಿ ಏನನ್ನು?

ಕರಡುಪ್ರತಿ

ಒಂದು ಎಕರೆಯಷ್ಟು ತೋಟವನ್ನು.

ತುಂಗಾತೀರ

ಅದು ಸರ್ವೆಯವರು ಕೊಡುವ ಉತ್ತರ. ಅವನ ಉತ್ತರ ಬೇರೆಯೇ ಇರಬೇಕು, ಮತ್ತು ಅದನ್ನು ಅವನು ಯಾರ ಮುಂದೆಯೂ ಹೇಳಿಕೊಳ್ಳಲಾರದವನಾಗಿರಬೇಕು.

ಕರಿಕೋಟು

ನಾನು ಸಿವಿಲ್ ವ್ಯಾಜ್ಯಗಳನ್ನು ನಡೆಸುವ ವಕೀಲ. ತಂಗಿಯ ಮದುವೆ ಯಾವ ವರ್ಷ ಆಯಿತೆಂದು ನೀವು ಬರೆದಿಲ್ಲ. ನಿಮ್ಮ ಕಥೆಯ ಅರ್ಧ ಸಂಘರ್ಷ ಆ ಇಸವಿಯಲ್ಲೇ ಇದೆ.

ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅದಕ್ಕೆ ಮೊದಲೇ ಮದುವೆಯಾದವರಿಗೆ ಆ ಹಕ್ಕು ಇರಲಿಲ್ಲ. ಅದೇ ಕಾಯ್ದೆಗೆ ಕೇಂದ್ರ ತಂದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಯಾದಾಗ ಮದುವೆಯಾದವರು, ಆಗದವರು ಎಂಬ ಭೇದ ಹೋಯಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋಗಿದ್ದ ವಿಭಾಗಗಳನ್ನು ಅದು ಮುಟ್ಟಲಿಲ್ಲ. ಹಾಗಾಗಿ 1991ರಲ್ಲಿ ಮದುವೆಯಾದ ಅಕ್ಕ, 1996ರಲ್ಲಿ ಮದುವೆಯಾದ ತಂಗಿ ಒಂದೇ ಮನೆಯಲ್ಲಿದ್ದರೆ, ಹನ್ನೊಂದು ವರ್ಷಗಳ ಕಾಲ ತಂಗಿಗೆ ಇದ್ದ ಹಕ್ಕು ಅಕ್ಕನಿಗೆ ಇರಲಿಲ್ಲ. ಆ ಅವಧಿಯಲ್ಲಿ ಅಕ್ಕನಿಗೆ ಅಣ್ಣ "ಕಾನೂನಿನಲ್ಲೇ ಇಲ್ಲ" ಎಂದು ಹೇಳಿದ್ದರೆ ಅವನು ಸುಳ್ಳು ಹೇಳಿದಂತೆ ಆಗುವುದಿಲ್ಲ. ಒಮ್ಮೆ ನಿಜವಾಗಿದ್ದ ಮಾತನ್ನು ಕಾಲ ಬದಲಾದ ಮೇಲೂ ಹಿಡಿದುಕೊಂಡು ನಿಂತವನು ದುಷ್ಟನಿಗಿಂತ ಹೆಚ್ಚು ನಂಬಲರ್ಹನಾದ ಎದುರಾಳಿ.

ಬಿಡಿಹಾಳೆ

ಕಾದಂಬರಿ ಬರೆಯುವವರು ಕಾನೂನಿನ ಪುಸ್ತಕ ಓದಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಓದುಗರಿಗೆ ಬೇಕಾದುದು ಮನಸ್ಸಿನ ಒಳಗಿನ ತಳಮಳವೇ ಹೊರತು ಕಲಮುಗಳಲ್ಲ.

ಕರಿಕೋಟು

ಕಲಮುಗಳನ್ನು ಪುಟದ ಮೇಲೆ ಬರೆಯಿರಿ ಎಂದು ನಾನು ಹೇಳಲಿಲ್ಲ. ಆದರೆ ಮನಸ್ಸಿನ ತಳಮಳ ಗಾಳಿಯಲ್ಲಿ ಹುಟ್ಟುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. 2005ರ ವರೆಗೆ, ಗಂಡು ವಾರಸುದಾರರು ವಾಸದ ಮನೆಯನ್ನು ಪಾಲು ಮಾಡಿಕೊಳ್ಳಲು ತಾವಾಗಿ ಮುಂದಾಗುವ ತನಕ ಹೆಣ್ಣುಮಕ್ಕಳು ಆ ಮನೆಯಲ್ಲಿ ಪಾಲು ಕೇಳುವಂತಿರಲಿಲ್ಲ. ಮದುವೆಯಾಗದವಳು, ಗಂಡ ಬಿಟ್ಟವಳು ಅಥವಾ ವಿಧವೆ ಅಲ್ಲಿ ವಾಸ ಮಾಡಬಹುದಾಗಿತ್ತು, ಅಷ್ಟೆ. ಆ ನಿಯಮವನ್ನು 2005ರಲ್ಲಿ ತೆಗೆದುಹಾಕಿದರು. ತಾನು ಹುಟ್ಟಿದ ಮನೆಯೊಳಗೆ ಒಬ್ಬ ಹೆಣ್ಣುಮಗಳು ಯಾವ ಸ್ಥಾನದಲ್ಲಿ ಕಾಲಿಡುತ್ತಾಳೆ ಎಂಬುದನ್ನು ಅಂತಹ ಒಂದು ಸಾಲು ನಿರ್ಧರಿಸಿತ್ತು. ಇದು ತಳಮಳದ ವಿಷಯವಲ್ಲದಿದ್ದರೆ ಮತ್ತೆ ಯಾವುದು?

ಇನ್ನೊಂದು ಮಾತು. 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪು ಬರುವ ತನಕ, ಮಗಳಿಗೆ ಈ ಹಕ್ಕು ಸಿಗಬೇಕಾದರೆ 2005ರಲ್ಲಿ ತಂದೆ ಬದುಕಿರಬೇಕಿತ್ತೇ ಬೇಡವೇ ಎಂಬ ಬಗ್ಗೆಯೇ ಗೊಂದಲವಿತ್ತು. ನಿಮ್ಮ ಕಥೆಯಲ್ಲಿ ತಂದೆ 2008ರಲ್ಲಿ ತೀರಿಕೊಂಡಿರುವುದರಿಂದ ತಂಗಿಯ ಹಕ್ಕು ಗಟ್ಟಿಯಾಗಿದೆ. ಅವರನ್ನು 2004ರಲ್ಲಿ ಸಾಯಿಸಿದರೆ ಅದೇ ತಂಗಿ ವರ್ಷಗಟ್ಟಲೆ ಅನಿಶ್ಚಿತತೆಯಲ್ಲಿ ಬದುಕುತ್ತಾಳೆ, ಅಣ್ಣನೂ ಬದುಕುತ್ತಾನೆ. ಯಾವುದು ಬೇಕೆಂದು ನೀವು ತೀರ್ಮಾನಿಸಿ.

ಅಡಿಕೆ ಚಪ್ಪರ

ನಾನು ತೋಟ ಮಾಡುವವನು, ಕಥೆ ಬರೆಯುವವನಲ್ಲ. ಆದರೆ ಅಣ್ಣನ ಕಡೆಯ ಮಾತನ್ನು ಇಲ್ಲಿ ಯಾರೂ ಹೇಳುತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಅಡಿಕೆ ತೋಟವನ್ನು ಗದ್ದೆಯಂತೆ ಬದು ಹಾಕಿ ಎರಡು ಮಾಡಲು ಬರುವುದಿಲ್ಲ. ನೀರು ಒಂದು ತಲೆಯಿಂದ ಬರುತ್ತದೆ, ಬಸಿಗಾಲುವೆ ಇನ್ನೊಂದು ತುದಿಯಲ್ಲಿ ಇಳಿಯುತ್ತದೆ. ಮೇಲಿನ ಅರ್ಧ ಸಿಕ್ಕವನಿಗೆ ನೀರು, ಕೆಳಗಿನ ಅರ್ಧ ಸಿಕ್ಕವನಿಗೆ ಜವುಗು. ಬೇಯಿಸುವ ಒಲೆ, ಒಣಗಿಸುವ ಅಂಗಳ, ಚಪ್ಪರ ಇವೆಲ್ಲ ಮನೆಯ ಹತ್ತಿರವೇ ಇರುತ್ತವೆ. ಸಸಿ ನೆಟ್ಟು ಐದಾರು ವರ್ಷ ಕಾದ ಮೇಲೆ ಫಸಲು ಕಾಣುತ್ತದೆ. ಅಷ್ಟು ವರ್ಷ ಸೊಸೈಟಿಯಲ್ಲಿ ಸಾಲಕ್ಕೆ ಸಹಿ ಹಾಕಿದವನು ಅಣ್ಣ.

ಮಳೆಗಾಲದ ವಿಚಾರವನ್ನೂ ಸೇರಿಸಿಕೊಳ್ಳಿ. ಕೊಳೆರೋಗ ಬರದಂತೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣವನ್ನು ನೂರು ಲೀಟರ್ ನೀರಿಗೆ ಸೇರಿಸಿ ಬೋರ್ಡೋ ದ್ರಾವಣ ಮಾಡಿ, ಪ್ರತಿಯೊಂದು ಮರದ ಗೊನೆಗೂ ಹೊಡೆಯಬೇಕು. ಮಳೆ ಹಿಡಿಯುವ ಮೊದಲು ಒಂದು ಸಲ, ಸುಮಾರು ನಲವತ್ತು ದಿನ ಬಿಟ್ಟು ಇನ್ನೊಂದು ಸಲ, ಮಳೆ ಬಿಡದಿದ್ದರೆ ಮೂರನೆಯ ಸಲ. ಮರ ಹತ್ತುವವರು ಸಿಕ್ಕಿದ ದಿನ ಮಳೆ ಬಿಡುವುದಿಲ್ಲ, ಮಳೆ ಬಿಟ್ಟ ದಿನ ಹತ್ತುವವರು ಸಿಕ್ಕುವುದಿಲ್ಲ. ಒಂದು ವಾರ ತಡವಾದರೆ ಎಳೆಗಾಯಿ ಉದುರಿ ತೋಟದ ನೆಲವೆಲ್ಲ ಹಾಸಿಹೋಗುತ್ತದೆ. ಮೈಸೂರಿನಿಂದ ಬರುವ ತಂಗಿಗೆ ಬೇಸಿಗೆಯ ರಜೆಯಲ್ಲಿ ಕಾಣುವುದು ತಂಪಾದ ತೋಟ ಮಾತ್ರ. ಅಣ್ಣನ ಸಿಟ್ಟಿಗೆ ಕಾರಣ ಬೇಕಾದರೆ ಇದಕ್ಕಿಂತ ಬೇರೆ ಹುಡುಕಬೇಕಾಗಿಲ್ಲ.

ಹಿತ್ತಲ ಬಾಗಿಲು

ಅಡಿಕೆ ಚಪ್ಪರ ಅವರು ಅಣ್ಣನ ಶ್ರಮವನ್ನು ಬಹಳ ಚೆನ್ನಾಗಿ ಲೆಕ್ಕ ಹಾಕಿದ್ದಾರೆ. ನನ್ನ ಆಕ್ಷೇಪ ಇಷ್ಟೇ: ಅದೇ ತೋಟದಲ್ಲಿ ಮದುವೆಗೆ ಮುಂಚೆ ತಂಗಿ ಮಾಡಿದ ಕೆಲಸವನ್ನು ಯಾರು ಲೆಕ್ಕ ಹಾಕುತ್ತಾರೆ? ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ, ಕಾಲದಲ್ಲಿ ನಡುರಾತ್ರಿಯ ವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದು, ಬೆರಳೆಲ್ಲ ಕಪ್ಪಾಗಿ, ಬೆಳಿಗ್ಗೆ ಅದೇ ಕೈಯಲ್ಲಿ ಪುಸ್ತಕ ಹಿಡಿದು ಶಾಲೆಗೆ ಹೋದ ಹೆಣ್ಣುಮಕ್ಕಳು ನಾವು. ನಮ್ಮ ಕೂಲಿಯನ್ನು ಯಾವ ಪುಸ್ತಕದಲ್ಲೂ ಬರೆದಿಡಲಿಲ್ಲ. ಬೇಸಿಗೆಯ ತಂಪು ನೋಡಲು ಬಂದವಳು ಎಂದು ಅಣ್ಣ ಹೇಳಿದ ಕ್ಷಣದಲ್ಲಿ ತಂಗಿಗೆ ಆಗುವ ನೋವು ಹಕ್ಕಿನ ಭಾಷಣಕ್ಕಿಂತ ಬಹಳ ಹಿಂದಿನದು.

ಕರಡುಪ್ರತಿ ಅವರ ತಂಗಿ ಭಾಷಣಕಾರ್ತಿಯಾಗಲು ಕಾರಣವೇನೆಂದರೆ, ಅವಳಿಗೆ ಪಾಲು ಕೇಳುವುದು ಕಷ್ಟವೇ ಆಗುತ್ತಿಲ್ಲ. ನಾನು ಕಂಡಂತೆ ಪಾಲು ಕೇಳುವುದು ಅತ್ಯಂತ ಕಷ್ಟದ ಕೆಲಸ. ನಮ್ಮ ಬಂಧುಗಳಲ್ಲೇ ಒಬ್ಬರನ್ನು ಹಬ್ಬಕ್ಕೆಂದು ತವರಿಗೆ ಕರೆಸಿ, ಊಟ ಮುಗಿದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದರು. ಅವರು ಓದುಬರಹ ಬಲ್ಲವರು, ಉದ್ಯೋಗದಲ್ಲಿ ಇದ್ದವರು, ಅದು ಏನೆಂದು ಅವರಿಗೆ ಪೂರ್ತಿ ತಿಳಿದಿತ್ತು. ಆದರೂ ಸಹಿ ಹಾಕಿದರು. ಹಾಕದಿದ್ದರೆ ಮುಂದಿನ ಗೌರಿ ಹಬ್ಬಕ್ಕೆ ಬಾಗಿನ ಬರುವುದಿಲ್ಲ, ಮಗಳ ಮದುವೆಗೆ ಸೋದರಮಾವ ಬರುವುದಿಲ್ಲ ಎಂಬುದೂ ಅವರಿಗೆ ತಿಳಿದಿತ್ತು. ನಿಮ್ಮ ತಂಗಿಗೂ ಕಳೆದುಕೊಳ್ಳುವುದಕ್ಕೆ ಏನಾದರೂ ಇರಲಿ. ಆಗ ಅವಳು ಭಾಷಣ ಮಾಡುವುದಿಲ್ಲ; ಕೇಳಬೇಕಾದುದನ್ನು ಬಿಟ್ಟು ಬೇರೇನನ್ನೋ ಕೇಳುತ್ತಾಳೆ.

ತುಂಗಾತೀರ

ಕೊನೆಯ ವಾಕ್ಯವನ್ನು ದಯವಿಟ್ಟು ಎಲ್ಲರೂ ಎರಡು ಸಲ ಓದಬೇಕು.

ಅಡಿಕೆ ಚಪ್ಪರ

ಹಿತ್ತಲ ಬಾಗಿಲು ಅವರ ಮಾತು ನ್ಯಾಯವಾದುದು. ಆದರೂ ಒಂದನ್ನು ಹೇಳಲೇಬೇಕು: ಸುಲಿದವರೆಲ್ಲರಿಗೂ ಪಾಲು ಎಂದಾದರೆ ಅಣ್ಣನ ಹೆಂಡತಿಗೂ ಬೇಕಾಗುತ್ತದೆ. ಮಾವನ ಕೊನೆಗಾಲದಲ್ಲಿ ಸೇವೆ ಮಾಡಿದವಳೂ ಅವಳೇ. ಅತ್ತಿಗೆ ಎಂಬ ಪಾತ್ರ ಈ ಕಾದಂಬರಿಯಲ್ಲಿ ಇದೆಯೇ?

ಕರಡುಪ್ರತಿ

ಇದ್ದಾಳೆ. ಕಾಫಿ ತಂದು ಕೊಡುತ್ತಾಳೆ, ಗಂಡನನ್ನು ಎತ್ತಿಕಟ್ಟುತ್ತಾಳೆ.

ಹಿತ್ತಲ ಬಾಗಿಲು

ಎತ್ತಿಕಟ್ಟುವ ಅತ್ತಿಗೆಯನ್ನು ನೂರಾರು ಕಥೆಗಳಲ್ಲಿ ಓದಿದ್ದೇವೆ. ಅವಳ ತವರಿನಲ್ಲೂ ತೋಟ ಇರಬಹುದಲ್ಲವೇ? ಅಲ್ಲಿ ಅವಳ ಅಣ್ಣಂದಿರು ಅವಳಿಂದಲೂ ಸಹಿ ಹಾಕಿಸಿಕೊಂಡಿರಬಹುದಲ್ಲವೇ? "ನಾನು ಕೇಳಲಿಲ್ಲ, ನೀನು ಹೇಗೆ ಕೇಳುತ್ತೀಯ" ಎಂಬ ಅವಳ ಕೋಪಕ್ಕೆ ಆಗ ಬೇರು ಸಿಗುತ್ತದೆ. ತಾನು ತೆತ್ತ ಬೆಲೆಯನ್ನು ಇನ್ನೊಬ್ಬಳು ತೆರದೆ ಹೋದರೆ ಸಹಿಸುವುದು ಎಂಥವರಿಗೂ ಕಷ್ಟ.

ಗಮಕಪ್ರಿಯ

ಎದುರಾಳಿಯನ್ನು ಕಟ್ಟುವ ವಿಷಯದಲ್ಲಿ ನಮ್ಮ ಭಾಷೆಯಲ್ಲೇ ಸಾವಿರ ವರ್ಷ ಹಳೆಯ ಮಾದರಿ ಇರುವಾಗ ಅದನ್ನು ಮರೆಯಬಾರದು. ರನ್ನನ ಗದಾಯುದ್ಧದಲ್ಲಿ ಕವಿ ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿದ್ದಾನೆ. ಆದ್ದರಿಂದ ದುರ್ಯೋಧನನನ್ನು ಕುಗ್ಗಿಸಿ ಬರೆಯಲು ಅವನಿಗೆ ಎಲ್ಲ ಕಾರಣವೂ ಇತ್ತು. ಆದರೆ ಓದಿ ಮುಗಿಸಿದವರ ಮನಸ್ಸಿನಲ್ಲಿ ನಿಲ್ಲುವುದು ಯುದ್ಧಭೂಮಿಯಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನ. ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು, ತನ್ನ ಸ್ವಂತ ಮಗನನ್ನು ಅವನು ಒಬ್ಬೊಬ್ಬರನ್ನಾಗಿ ಕಾಣುತ್ತಾನೆ. ಅಲ್ಲೇ ಶತ್ರುಪಕ್ಷದ ಅಭಿಮನ್ಯುವಿನ ಮುಂದೆಯೂ ನಿಂತು, ನಿನ್ನಂತಹ ಸಾವು ನನಗೂ ಬರಲಿ ಎಂದು ಬಯಸುತ್ತಾನೆ.

ಗಮನಿಸಬೇಕಾದುದು ಏನೆಂದರೆ, ರನ್ನ ಅವನ ಛಲವನ್ನು ಒಂದು ಎಳೆಯಷ್ಟೂ ಸಡಿಲಿಸುವುದಿಲ್ಲ, ಒಳ್ಳೆಯ ಗುಣವೊಂದನ್ನು ಹೊರಗಿನಿಂದ ತಂದು ಅಂಟಿಸುವುದೂ ಇಲ್ಲ. ಸಂಧಿಗೆ ಒಪ್ಪದಂತೆ ಮಾಡುವ ಛಲವೇ ಶತ್ರುವಿನ ಶೌರ್ಯವನ್ನೂ ಮೆಚ್ಚಿಸುತ್ತದೆ. ತುಂಗಾತೀರ ಅವರು ಹೇಳಿದ್ದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಾಗಿಲ್ಲ.

ಬಿಡಿಹಾಳೆ

ಗಮಕಪ್ರಿಯ ಅವರ ಉದಾಹರಣೆಗೆ ನನ್ನ ಗೌರವವಿದೆ. ಆದರೆ ಈ ಚರ್ಚೆ ಹೋಗುತ್ತಿರುವ ದಿಕ್ಕಿನ ಬಗ್ಗೆ ನನಗೆ ಆತಂಕವಿದೆ. ಇಬ್ಬರದೂ ಸರಿ, ಇಬ್ಬರಿಗೂ ನೋವಿದೆ ಎಂದು ತೋರಿಸುವುದೇ ಒಳ್ಳೆಯ ಬರವಣಿಗೆ ಎಂಬ ನಂಬಿಕೆ ಎಲ್ಲಿಂದ ಬಂತು? ಲೋಕದಲ್ಲಿ ನಿಜವಾದ ಅನ್ಯಾಯವೂ ಇದೆ. ಶತಮಾನಗಳ ಕಾಲ ಹೆಣ್ಣುಮಕ್ಕಳಿಗೆ ಭೂಮಿ ಕೊಡದಿದ್ದುದಕ್ಕೆ ಕೊಳೆರೋಗವನ್ನು ಕಾರಣವಾಗಿ ತೋರಿಸುವುದು ಕಾದಂಬರಿಕಾರರು ಮಾಡಬೇಕಾದ ಕೆಲಸವೇ? ಪಾತ್ರ ನಂಬುವಂತಿರಬೇಕು ಎಂಬ ಹೆಸರಿನಲ್ಲಿ ನಾವು ಅನ್ಯಾಯವನ್ನೇ ಸಹನೀಯವಾಗಿಸುತ್ತಿದ್ದೇವೆ.

ತುಂಗಾತೀರ

ಇದು ಗಂಭೀರವಾದ ಪ್ರಶ್ನೆ, ಹಾಗಾಗಿ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ. ಮನುಷ್ಯನನ್ನು ಅರ್ಥವಾಗುವಂತೆ ಮಾಡುವುದು ಒಂದು, ಅವನ ಕೃತ್ಯವನ್ನು ಒಪ್ಪಿಸುವುದು ಇನ್ನೊಂದು. ಕಾರಂತರ 1933ರ ಚೋಮನ ದುಡಿಯನ್ನೇ ನೋಡಿ. ಚೋಮನಿಗೆ ಬೇಕಾದುದು ತಾನು ಬೇಸಾಯ ಮಾಡಲು ಒಂದು ತುಂಡು ಗದ್ದೆ. ಒಡೆಯ ಸಂಕಪ್ಪಯ್ಯನ ಮನಸ್ಸು ಒಂದು ಹಂತದಲ್ಲಿ ಕೊಡುವ ಕಡೆಗೆ ವಾಲುತ್ತದೆ, ಆದರೆ ಸಂಪ್ರದಾಯ ಮೀರಬಾರದೆಂಬ ತಾಯಿಯ ಮಾತಿಗೆ ಅವನು ಕಟ್ಟುಬೀಳುತ್ತಾನೆ. ಒಡೆಯ ಚಾವಟಿ ಬೀಸುವ ಕ್ರೂರಿಯಾಗಿದ್ದರೆ, ಅವನೊಬ್ಬ ಸತ್ತರೆ ಎಲ್ಲ ಸರಿಹೋಗುತ್ತದೆ ಎಂದು ಓದುಗರು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಮೆತ್ತಗಿನ ಮನುಷ್ಯನೂ ಅದೇ ಅನ್ಯಾಯವನ್ನೇ ಮಾಡುತ್ತಾನೆ ಎಂದಾಗ ಆ ಸಮಾಧಾನಕ್ಕೆ ದಾರಿಯಿಲ್ಲ. ಅನ್ಯಾಯ ಅಲ್ಲಿ ಇನ್ನಷ್ಟು ಅಸಹನೀಯವಾಗುತ್ತದೆ.

ಬಿಡಿಹಾಳೆ

ಚೋಮನ ಪಕ್ಕದಲ್ಲಿ ನಿಂತು ಬರೆದದ್ದರಿಂದ ಅದು ಸಾಧ್ಯವಾಯಿತು. ಕಥೆ ಯಾರ ಅಂಗಳದಲ್ಲಿ ನಿಂತು ನೋಡುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಬೇಕು, ಅನುಕಂಪವನ್ನು ಎಷ್ಟು ಹಂಚಬೇಕು ಎಂಬುದು ಆಮೇಲಿನ ಮಾತು. ಇಷ್ಟನ್ನು ಒಪ್ಪುವುದಾದರೆ ನಿಮ್ಮ ಉಳಿದ ಮಾತುಗಳನ್ನು ನಾನೂ ಒಪ್ಪುತ್ತೇನೆ.

ತುಂಗಾತೀರ

ಒಪ್ಪುತ್ತೇನೆ.

ಕೆಂಪುಹೆಂಚು

ಸಾಗರ ತಾಲ್ಲೂಕು ಎಂದಿದ್ದೀರಿ, ತೋಟ ಆ ಕುಟುಂಬಕ್ಕೆ ಬಂದದ್ದು ಹೇಗೆ? ಅದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಮುಂದೆ ದೇವರಾಜ ಅರಸು ಅವರ ಕಾಲದಲ್ಲಿ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿದಾರರು ಏಳನೆಯ ನಮೂನೆಯ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಂತು ಭೂಮಿಯ ಒಡೆಯರಾದರು. ನಿಮ್ಮ ಕಥೆಯ ತಂದೆ ಹೀಗೆ ಭೂಮಿ ಪಡೆದ ಗೇಣಿದಾರರಾಗಿದ್ದರೆ ಏನಾಗುತ್ತದೆ ಎಂದು ಯೋಚಿಸಿ. ಉಳುವವನೇ ಹೊಲದೊಡೆಯ ಎಂಬ ಮಾತನ್ನು ಕೇಳುತ್ತಲೇ ಬೆಳೆದ ಮಗ ಅವನು. ದುಡಿಯದವರಿಗೆ ಭೂಮಿಯ ಮೇಲೆ ಹಕ್ಕಿಲ್ಲ ಎಂಬುದು ಆ ಮನೆಯಲ್ಲಿ ದೇವರ ಮಾತಿನಷ್ಟೇ ಪವಿತ್ರವಾದುದು. ಈಗ ಅದೇ ಮಾತನ್ನು ಅವನು ತಂಗಿಯ ಎದುರು ಹಿಡಿಯುತ್ತಾನೆ: ನೀನು ಊರಲ್ಲಿಲ್ಲ, ದುಡಿಯುತ್ತಿಲ್ಲ, ಆದ್ದರಿಂದ ನೀನು ಹಳೆಯ ಒಡೆಯರ ಸಾಲಿಗೆ ಸೇರಿದವಳು. ಒಂದು ಅನ್ಯಾಯವನ್ನು ಅಳಿಸಿದ ತತ್ತ್ವ ಇನ್ನೊಂದು ಅನ್ಯಾಯಕ್ಕೆ ಆಧಾರವಾಗುತ್ತದೆ. ಅವನಿಗೆ ತಾನು ಸ್ವಾರ್ಥಿ ಎಂದು ಅನಿಸುವುದೇ ಇಲ್ಲ, ಅಪ್ಪನಿಗೆ ನಿಷ್ಠನಾಗಿದ್ದೇನೆ ಎಂದೇ ಅನಿಸುತ್ತದೆ.

ಹಿತ್ತಲ ಬಾಗಿಲು

ತಂಗಿ ಅದಕ್ಕೆ ಉತ್ತರ ಕೊಡಬಲ್ಲಳು. ನ್ಯಾಯಮಂಡಳಿಗೆ ಅರ್ಜಿ ಹಾಕಿದ ಕಾಲದಲ್ಲಿ ಅಮ್ಮನೂ ಗದ್ದೆಗೆ ಇಳಿದಿದ್ದಳು, ಅವಳ ಹೆಸರು ಆ ಅರ್ಜಿಯಲ್ಲಿ ಎಲ್ಲಿದೆ ಎಂದು ಕೇಳಿದರೆ ಸಾಕು.

ಕರಡುಪ್ರತಿ

ಕೆಂಪುಹೆಂಚು ಅವರ ಸಲಹೆ ನನ್ನನ್ನು ರಾತ್ರಿಯೆಲ್ಲ ಯೋಚಿಸುವಂತೆ ಮಾಡಿತು. ತುಂಗಾತೀರ ಅವರು ಕೇಳಿದ ಮೊದಲ ಪ್ರಶ್ನೆಗೆ ಈಗ ಉತ್ತರ ಕೊಡಬಲ್ಲೆ. ಅಣ್ಣ ಕಾಲೇಜಿಗೆ ಸೇರಬೇಕೆಂದಿದ್ದ ವರ್ಷ ತಂದೆಗೆ ಕಾಯಿಲೆ ಬಂದು ಅವನು ತೋಟದಲ್ಲೇ ಉಳಿಯಬೇಕಾಯಿತು, ತಂಗಿ ಓದಿದಳು. ಉಳಿದದ್ದು ತನ್ನ ಆಯ್ಕೆ, ತೋಟವೇ ತನ್ನ ಜೀವನ ಎಂದು ಅವನು ಎಲ್ಲರಿಗೂ ಹೇಳಿಕೊಂಡು ಬಂದಿದ್ದಾನೆ. ಪಾಲು ಕೊಟ್ಟ ದಿನ, ತಾನು ಬಿಟ್ಟುಕೊಟ್ಟ ಬದುಕಿಗೆ ಪ್ರತಿಯಾಗಿ ಏನೂ ಸಿಗಲಿಲ್ಲ ಎಂಬುದನ್ನು ಅವನು ಒಪ್ಪಿಕೊಳ್ಳಬೇಕಾಗುತ್ತದೆ. ಕೆಲಸದಾಳಿನ ಮಗನ ಶುಲ್ಕ ಕಟ್ಟುವುದಕ್ಕೂ ಈಗ ಕಾರಣ ಸಿಕ್ಕಿತು.

ತುಂಗಾತೀರ

ಆ ಕಾರಣವನ್ನು ಕಾದಂಬರಿಯಲ್ಲಿ ಎಲ್ಲಿಯೂ ಬಾಯಿಬಿಟ್ಟು ಹೇಳಬೇಡಿ. ಶುಲ್ಕ ಕಟ್ಟಲಿ, ರಶೀದಿಯನ್ನು ತನ್ನ ಟ್ರಂಕಿನಲ್ಲಿ ಇಟ್ಟುಕೊಳ್ಳಲಿ. ಓದುಗರು ಜೋಡಿಸಿಕೊಳ್ಳುತ್ತಾರೆ.

ಸಾಲುಮನೆ

ಮಾತಿನ ಬಗ್ಗೆ ಯಾರೂ ಪ್ರಸ್ತಾಪಿಸಲಿಲ್ಲ. ಇಪ್ಪತ್ತು ವರ್ಷ ಮೈಸೂರಿನಲ್ಲಿದ್ದ ತಂಗಿಯೂ ಊರು ಬಿಡದ ಅಣ್ಣನೂ ಒಂದೇ ಪುಸ್ತಕದ ಕನ್ನಡದಲ್ಲಿ ಜಗಳವಾಡಿದರೆ ಯಾರು ಆಡಿದ ಮಾತು ಯಾವುದೆಂದೇ ತಿಳಿಯುವುದಿಲ್ಲ. ಹೆಸರುಗಳನ್ನು ಮುಚ್ಚಿ ಸಂಭಾಷಣೆಯನ್ನು ಓದಿ ನೋಡಿ. ಮಾತಿನಿಂದಲೇ ಆಳನ್ನು ಗುರುತಿಸಲು ಸಾಧ್ಯವಾಗಬೇಕು. ತಂಗಿ ಊರಿಗೆ ಬಂದ ಮೊದಲ ದಿನ ಮೈಸೂರಿನ ಮಾತು ಆಡಿ, ಸಿಟ್ಟು ಬಂದಾಗ ತನಗೇ ತಿಳಿಯದಂತೆ ಊರಿನ ಮಾತಿಗೆ ಹೊರಳುವುದು ಸಹಜ. ವಕೀಲರ ನೋಟಿಸಿನ ಭಾಷೆಯನ್ನು ಅಣ್ಣನೇ ತಾಯಿಗೆ ಓದಿ ಹೇಳಬೇಕಾಗಿ ಬಂದರೆ ಅದೂ ಒಂದು ಒಳ್ಳೆಯ ಸನ್ನಿವೇಶವಾದೀತು.

ಅಡಿಕೆ ಚಪ್ಪರ

ಕಾಲವನ್ನೂ ಹೊಂದಿಸಿಕೊಳ್ಳಿ. ಗೌರಿ ಹಬ್ಬ ಬರುವುದು ಭಾದ್ರಪದದಲ್ಲಿ. ಮಳೆ ಜಾಸ್ತಿಯಾದ ವರ್ಷ ಮೂರನೆಯ ಸಲ ಔಷಧಿ ಹೊಡೆಯುವ ಹೊತ್ತೂ ಅದೇ. ಬಾಗಿನ ಪಡೆಯಲು ತಂಗಿ ಬಂದ ದಿನವೇ ಮರ ಹತ್ತುವವರು ಸಿಕ್ಕಿದರೆ ಅಣ್ಣ ಮನೆಯಲ್ಲಿ ಕೂರುವಂತಿಲ್ಲ. ಅವನು ಬೇಕೆಂದೇ ತೋಟಕ್ಕೆ ಹೋದನೆಂದು ಅವಳಿಗೆ ಅನಿಸುತ್ತದೆ, ಬೇಕೆಂದೇ ಇವತ್ತು ಬಂದಳೆಂದು ಅವನಿಗೆ ಅನಿಸುತ್ತದೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಬೇಕಾಗಿಲ್ಲ.

ಕರಿಕೋಟು

ತಾಯಿಯ ವಿಷಯ ಬಾಕಿ ಉಳಿದಿದೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ನ್ಯಾಯಮಂಡಳಿಯಿಂದ ಬಂದ ಭೂಮಿ ತಂದೆಯ ಸ್ವಂತದ್ದೋ ಕುಟುಂಬದ್ದೋ ಎಂಬುದರ ಮೇಲೆಯೇ ಎಷ್ಟೋ ವ್ಯಾಜ್ಯಗಳು ನಡೆಯುತ್ತವೆ. ಹೇಗೇ ಇದ್ದರೂ ಒಂದು ಪಾಲು ತಾಯಿಯ ಕೈಯಲ್ಲಿದೆ, ಅದನ್ನು ಅವರು ಯಾರಿಗೆ ಬೇಕಾದರೂ ಕೊಡಬಹುದು. ಅವರು ಮಾತನಾಡುವುದಿಲ್ಲ ಎಂದು ನೀವು ಬರೆದಿದ್ದೀರಿ. ಮಾತನಾಡಿದರೆ ತೋಟದ ತಕರಾರು ಮುಗಿಯುತ್ತದೆ ಎಂದು ಗೊತ್ತಿದ್ದೂ ಸುಮ್ಮನಿರುವುದಕ್ಕೆ ಅವರದೇ ಆದ ಕಾರಣ ಇರಬೇಕು. ಪೌತಿ ಖಾತೆಗೆಂದು, ಅಂದರೆ ಸತ್ತವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲೆಂದು, ಮನೆಯವರ ಸಹಿ ಕೇಳುತ್ತಾ ಬಂದಾಗ ತಾಯಿ ಹೆಬ್ಬೆಟ್ಟು ಒತ್ತುತ್ತಾರೋ ಇಲ್ಲವೋ ಎಂಬುದನ್ನು ನಾನು ಕಾದಂಬರಿಕಾರನಾಗಿದ್ದರೆ ಮೊದಲೇ ತೀರ್ಮಾನಿಸಿಕೊಳ್ಳುತ್ತಿದ್ದೆ.

ಬಿಡಿಹಾಳೆ

ತಾಯಿಗೆ ಮಗನ ಮನೆಯಲ್ಲೇ ಕೊನೆಯ ತುತ್ತು ಸಿಗಬೇಕು. ಅವಳ ಮೌನಕ್ಕೆ ಅದಕ್ಕಿಂತ ಬೇರೆ ಕಾರಣ ಬೇಕೇ?

ಹಿತ್ತಲ ಬಾಗಿಲು

ಬೇಕು. ತುತ್ತಿನ ಭಯ ಎಲ್ಲ ತಾಯಂದಿರಿಗೂ ಹೊಂದುವ ಕಾರಣವಾದ್ದರಿಂದ ಈ ತಾಯಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ತನ್ನ ತವರಿನ ಪಾಲನ್ನು ಅವಳೂ ಒಂದು ಕಾಲದಲ್ಲಿ ಕೇಳಿರಬಹುದು, ಆಗ ಅವಳನ್ನು ತಡೆದವರು ಈಗ ಸತ್ತಿರುವ ಗಂಡನೇ ಇರಬಹುದು. ಅದು ಮಗಳಿಗೆ ಗೊತ್ತಿಲ್ಲ, ಮಗನಿಗೆ ಗೊತ್ತು.

ಕರಡುಪ್ರತಿ

ಅಣ್ಣನಿಗೆ ಗೊತ್ತು, ತಂಗಿಗೆ ಗೊತ್ತಿಲ್ಲ ಎಂಬುದನ್ನು ತೆಗೆದುಕೊಳ್ಳುತ್ತೇನೆ, ತುಂಬಾ ಧನ್ಯವಾದಗಳು. ತಂಗಿಯ ಮದುವೆಯನ್ನು 1991ಕ್ಕೆ ಇಡುತ್ತಿದ್ದೇನೆ, ಕಥೆಯನ್ನು ಅವಳ ಪಕ್ಕದಲ್ಲೇ ನಿಂತು ಹೇಳುತ್ತೇನೆ. ಹಬ್ಬದ ಅಧ್ಯಾಯವನ್ನು ಮೊದಲು ಬರೆದು ಇಲ್ಲಿ ಹಾಕುತ್ತೇನೆ. ಅಡಿಕೆ ಚಪ್ಪರ ಅವರು ಔಷಧಿ ಹೊಡೆಯುವ ಭಾಗವನ್ನೂ ಕರಿಕೋಟು ಅವರು ನೋಟಿಸಿನ ಭಾಗವನ್ನೂ ದಯವಿಟ್ಟು ತಿದ್ದಿಕೊಡಬೇಕು.

ಅಡಿಕೆ ಚಪ್ಪರ

ಖಂಡಿತ. ಕೊನೆಕೊಯ್ಲು ಶುರುವಾಗುವ ಮೊದಲು ಕಳುಹಿಸಿ, ಆಮೇಲೆ ನನಗೆ ಓದಲು ಬಿಡುವು ಇರುವುದಿಲ್ಲ.